ಹಳೆಯ ಸಿಸ್ಟಮ್‌ಗೆ ಹಳೆಯ ಸಾಫ್ಟ್‌ವೇರೇ ಬೇಕೆಂದೇನಿಲ್ಲ

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನ ಬಳಿಗೆ ಎಪಿಎಂಸಿ ಯಾರ್ಡಿನ ದಲಾಲಿ ಅಂಗಡಿಗಳಿಂದಲೂ ಲಗ್ನಪತ್ರಿಕೆ ಮುದ್ರಿಸುವ ಪ್ರೆಸ್‌ಗಳಿಂದಲೂ ಬರುವ ಸಿಸ್ಟಮ್‌ಗಳಲ್ಲಿ ಹೆಚ್ಚಿನವು ಪೆಂಟಿಯಂ 4 ಅಥವಾ ಕೋರ್ 2 ಡ್ಯುಯೊ ಪ್ರೊಸೆಸರ್‌ಗಳ ಕಾಲದವು. ತರುವವರು ಸಾಮಾನ್ಯವಾಗಿ ಹೇಳುವುದು ಒಂದೇ: “ಇದಕ್ಕೆ ಹೊಂದೋ ಅಂಥ ಹಳೇ ಕ್ರೋಮ್ ಹಾಕಿಕೊಡ್ರಿ.” ಯಂತ್ರ ಹಳೆಯದು, ಆದ್ದರಿಂದ ತಂತ್ರಾಂಶವೂ ಹಳೆಯದಿರಲಿ ಎಂಬ ಈ ತರ್ಕ ಮೇಲ್ನೋಟಕ್ಕೆ ಸರಿಯೆನಿಸಿದರೂ, ಇಂಟರ್‌ನೆಟ್ ಬೇಕಾಗುವ ಸಿಸ್ಟಮ್‌ನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಅಲ್ಲಿ ಹುಡುಕಬೇಕಾದದ್ದು ಇಂದಿಗೂ ಭದ್ರತಾ ತಿದ್ದುಪಡಿ ಪಡೆಯುತ್ತಿರುವ, ಆದರೆ ಕಡಿಮೆ ರ‍್ಯಾಮ್‌ನಲ್ಲಿ ಓಡಬಲ್ಲ ತಂತ್ರಾಂಶವನ್ನು.

ವಿಂಡೋಸ್ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ರಂದು ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ಎಕ್ಸ್‌ಪಿಯಲ್ಲಿ ಓಡುವ ಕೊನೆಯ ಕ್ರೋಮ್ ಆವೃತ್ತಿ 49, ವಿಂಡೋಸ್ 7ರಲ್ಲಿ ಓಡುವ ಕೊನೆಯದು 109. ಜಾಲತಾಣಗಳು ಬಳಸುವ ಗೂಢಲಿಪಿ ವಿಧಾನಗಳೂ ಪ್ರಮಾಣಪತ್ರಗಳೂ ಆಮೇಲೆ ಬದಲಾಗಿರುವುದರಿಂದ, ಹಳೆಯ ಬ್ರೌಸರ್‌ನಲ್ಲಿ ಕೆಲವು ತಾಣಗಳು ತೆರೆಯುವುದೇ ಇಲ್ಲ, ತೆರೆದರೂ ನಡುವೆ ಕೈಕೊಡುತ್ತವೆ. (ಎಲ್ಲ ತಾಣಗಳೂ ಒಮ್ಮೆಲೇ ‘ಸುರಕ್ಷಿತವಲ್ಲ’ ಎನ್ನತೊಡಗಿದರೆ ಮೊದಲು ಸಿಸ್ಟಮ್‌ನ ದಿನಾಂಕ ನೋಡಬೇಕು, ಮದರ್‌ಬೋರ್ಡಿನ ಸಿಆರ್ 2032 ಬ್ಯಾಟರಿ ಸತ್ತು ದಿನಾಂಕ ಹಿಂದಕ್ಕೆ ಹೋಗಿದ್ದರೆ ಯಾವ ಬ್ರೌಸರ್ ಹಾಕಿದರೂ ಅದೇ ಎಚ್ಚರಿಕೆ ಬರುತ್ತದೆ.)

ತಂತ್ರಾಂಶ ಆರಿಸುವ ಮೊದಲು ನಾನು ನೋಡುವುದು ಪ್ರೊಸೆಸರ್ 64 ಬಿಟ್‌ನದೋ (ಒಮ್ಮೆಗೆ 64 ಬಿಟ್ ದತ್ತಾಂಶ ನಿಭಾಯಿಸುವ ಹೊಸ ಪೀಳಿಗೆಯದು) ಅಲ್ಲವೋ (32 ಬಿಟ್‌ನ ಹಳೆಯದು) ಎಂಬುದನ್ನು. ಪರದೆಯ ಮೇಲೆ 32 ಬಿಟ್ ವಿಂಡೋಸ್ ಕಂಡ ಮಾತ್ರಕ್ಕೆ ಯಂತ್ರವೂ 32 ಬಿಟ್‌ನದೆಂದು ತೀರ್ಮಾನಿಸಬಾರದು. ಕೋರ್ 2 ಡ್ಯುಯೊ ಸರಣಿಯೆಲ್ಲ 64 ಬಿಟ್‌ನದೇ, ಪೆಂಟಿಯಂ 4ರ ಕಡೆಯ ಕೆಲವು ಮಾದರಿಗಳೂ ಹಾಗೆಯೇ. ಅಂಗಡಿಯವರು ಅಂದಿನ ರೂಢಿಯಂತೆ 32 ಬಿಟ್ ಎಕ್ಸ್‌ಪಿ ಹಾಕಿಕೊಟ್ಟಿರುತ್ತಾರೆ, ಅಷ್ಟೆ. ಸಿಪಿಯು-ಝಡ್ ಎಂಬ ಪುಟ್ಟ ತಂತ್ರಾಂಶ ಇದನ್ನು ಕ್ಷಣದಲ್ಲಿ ತೋರಿಸುತ್ತದೆ. ಈ ಪರೀಕ್ಷೆ ಈಗ ಹಿಂದಿಗಿಂತ ಮುಖ್ಯ, ಏಕೆಂದರೆ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ (ಇದು ವಿಂಡೋಸ್ ಬದಲು ಹಾಕಬಹುದಾದ, ಲಿನಕ್ಸ್ ಆಧಾರಿತ ಉಚಿತ ಕಾರ್ಯಾಚರಣ ವ್ಯವಸ್ಥೆ) 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, ಮೊಝಿಲ್ಲಾ ಕೂಡ 32 ಬಿಟ್ ಲಿನಕ್ಸ್‌ಗೆ ತನ್ನ ಫೈರ್‌ಫಾಕ್ಸ್ ಬ್ರೌಸರ್‌ನ 144ನೇ ಆವೃತ್ತಿಯನ್ನೇ ಕೊನೆಯದಾಗಿಸಿದೆ. ನಿಜವಾಗಿಯೂ 32 ಬಿಟ್‌ನದೇ ಆದ ಯಂತ್ರವನ್ನು ಇಂಟರ್‌ನೆಟ್ ಕೆಲಸಕ್ಕೆ ಸಜ್ಜುಗೊಳಿಸಲು ಹಣ ಹಾಕಬೇಡಿರೆಂದು ನಾನು ನೇರವಾಗಿಯೇ ಹೇಳಿಬಿಡುತ್ತೇನೆ.

64 ಬಿಟ್‌ನದಾದರೆ ದಾರಿ ಸುಲಭ. ರ‍್ಯಾಮ್ 4 ಜಿಬಿಗೆ ಏರಿಸಿ, ಹಾರ್ಡ್ ಡಿಸ್ಕ್ ತೆಗೆದು ಸಣ್ಣದೊಂದು ಸಾಟಾ ಎಸ್‌ಎಸ್‌ಡಿ ಹಾಕಿ, ಡೆಬಿಯನ್ ಜೊತೆಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಎಂಬ ಹಗುರ ಡೆಸ್ಕ್‌ಟಾಪ್ (ಪರದೆಯ ಮೇಲಿನ ಮೆನು, ಕಿಟಕಿಗಳ ವ್ಯವಸ್ಥೆ) ಕೊಟ್ಟರೆ ಬ್ರೌಸರ್, ಲಿಬ್ರೆ ಆಫೀಸ್ ಎರಡೂ ತಾಳ್ಮೆ ಕೆಡಿಸದೆ ನಡೆಯುತ್ತವೆ. ಡೆಸ್ಕ್‌ಟಾಪ್ ಎಷ್ಟೇ ಹಗುರವಾಗಿದ್ದರೂ ರ‍್ಯಾಮ್ ತಿನ್ನುವುದು ಬ್ರೌಸರ್ ಎಂಬುದನ್ನು ಮಾತ್ರ ಗಿರಾಕಿಗೆ ಮೊದಲೇ ತಿಳಿಸಬೇಕು. ಕನ್ನಡ ಟೈಪಿಂಗ್‌ನ ವಿಷಯದಲ್ಲಿ ಎಲ್ಲರಿಗೂ ಅಳುಕಿರುತ್ತದೆ. ಆದರೆ ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್ ಜೊತೆ ಎಂ17ಎನ್ ಹಾಕಿದರೆ ‘ನುಡಿ’ ತಂತ್ರಾಂಶದಲ್ಲಿ ರೂಢಿಯಾದ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸವೇ ಸಿಗುವುದರಿಂದ ಟೈಪಿಸ್ಟರ ಬೆರಳುಗಳಿಗೆ ಹೊಸ ಅಭ್ಯಾಸ ಬೇಕಾಗುವುದಿಲ್ಲ.

ಪ್ರೆಸ್‌ಗಳ ಡಿಟಿಪಿ (ಅಕ್ಷರಜೋಡಣೆ, ಪುಟವಿನ್ಯಾಸ) ಸಿಸ್ಟಮ್‌ನ ವಿಚಾರ ಬೇರೆ. ಅಲ್ಲಿ ವರ್ಷಗಟ್ಟಲೆ ಕೂಡಿಟ್ಟ ಲಗ್ನಪತ್ರಿಕೆ, ಕರಪತ್ರಗಳ ಕಡತಗಳೆಲ್ಲ ಪೇಜ್‌ಮೇಕರ್ ಎಂಬ ಪುಟವಿನ್ಯಾಸ ತಂತ್ರಾಂಶದಲ್ಲಿ, ಯೂನಿಕೋಡ್ (ಈಗಿನ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಹಳೆಯ ಫಾಂಟ್‌ಗಳಲ್ಲಿ ಇರುತ್ತವೆ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಇಂಥ ಸಿಸ್ಟಮ್‌ನಲ್ಲಿ ಎಕ್ಸ್‌ಪಿಯನ್ನು ಹಾಗೆಯೇ ಉಳಿಸಿ, ನೆಟ್‌ವರ್ಕ್ ಕೇಬಲ್ ಕಿತ್ತು, ಅದನ್ನು ಅಕ್ಷರಜೋಡಣೆಗೆ ಮಾತ್ರ ಮೀಸಲಿಡುವುದೇ ನನ್ನ ಸಲಹೆ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯೂನಿಕೋಡ್ ಪಠ್ಯವನ್ನು ಇನ್ನೊಂದು ಸಿಸ್ಟಮ್‌ನಲ್ಲಿ ತೆರೆದು, ಹಳೆಯ ಫಾಂಟ್‌ಗೆ ಪರಿವರ್ತಿಸಿ ಪೆನ್‌ಡ್ರೈವ್‌ನಲ್ಲಿ ತರಬಹುದು. ಪರಿವರ್ತನೆಯಾದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ಓದಲೇಬೇಕು. ವಧುವರರ ಹೆಸರಿನಲ್ಲಿ ಒತ್ತು ಬಿದ್ದುಹೋದರೆ ಇಡೀ ಪ್ರಿಂಟೇ ರದ್ದಿಗೆ ಹೋಗುತ್ತದೆ. ಗಿರಾಕಿಗಳ ಪೆನ್‌ಡ್ರೈವ್‌ಗಳನ್ನು ನೇರವಾಗಿ ಈ ಎಕ್ಸ್‌ಪಿಗೆ ಚುಚ್ಚಲು ಬಿಡಬಾರದು.

ಹೀಗೆ ಉಳಿಸಿಕೊಂಡ ಸಿಸ್ಟಮ್‌ನ ಡಿಸ್ಕನ್ನು ಅದು ಸರಿಯಾಗಿ ನಡೆಯುತ್ತಿರುವಾಗಲೇ ಕ್ಲೋನ್‌ಝಿಲ್ಲಾ ಎಂಬ ಡಿಸ್ಕ್ ನಕಲು ತಂತ್ರಾಂಶದಿಂದ ಪೂರ್ತಿಯಾಗಿ ನಕಲು ಮಾಡಿ ಹೊರಗಿನ ಡಿಸ್ಕೊಂದರಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ಇನ್‌ಸ್ಟಾಲೇಶನ್ ಸಿಡಿಯಾಗಲಿ ಪ್ರಿಂಟರ್‌ನ ಎಕ್ಸ್‌ಪಿ ಡ್ರೈವರ್ ಆಗಲಿ ಪ್ರೆಸ್ಸಿನ ಯಾವ ಕಪಾಟಿನಲ್ಲೂ ಸಿಕ್ಕಿದ್ದನ್ನು ನಾನು ಕಂಡಿಲ್ಲ. ತಂತ್ರಾಂಶಕ್ಕೆ ಡಾಂಗಲ್ (ಅದು ಓಡಲು ಪೋರ್ಟ್‌ಗೆ ಚುಚ್ಚಿರಬೇಕಾದ ಪುಟ್ಟ ಪರವಾನಗಿ ಕೀಲಿ) ಇದ್ದರೆ ಅದು ಮಾತ್ರ ಈ ನಕಲಿನೊಳಗೆ ಬರುವುದಿಲ್ಲ. ಆದ್ದರಿಂದ ಡಾಂಗಲ್ ಅನ್ನು ಕ್ಯಾಬಿನೆಟ್‌ನ ಹಿಂದೆ, ಕಸಗುಡಿಸುವಾಗ ಪೊರಕೆ ತಾಗದ ಪೋರ್ಟ್‌ನಲ್ಲಿ ಹಾಕಿರೆಂದು ಹೇಳಿಯೇ ನಾನು ಸಿಸ್ಟಮ್ ಹಿಂದಿರುಗಿಸುತ್ತೇನೆ.