ಬೂದಿಯಿಂದ ಆರಿಸಿದ ಎಲುಬುಗಳು

"ಎಲುಬಿನ ಚೂರಿಗೆ ಯಾಕೆ ಕೈಮುಗಿಯುತ್ತೀರಿ?" ಸಂತರ ಪವಿತ್ರ ಅವಶೇಷ ದರ್ಶನಕ್ಕೆ ಇಟ್ಟಾಗಲೆಲ್ಲ ಯಾರಾದರೂ ಹೀಗೆ ಕೇಳುತ್ತಾರೆ. ಕೇಳಲಿ ಬಿಡಿ. ನನಗೆ ಆಗ ನೆನಪಾಗುವವರು ಸಂತ ಪೊಲಿಕಾರ್ಪರು. ಫೆಬ್ರವರಿ 23 ಅವರ ಸ್ಮರಣೆಯ ದಿನ.

ಅವರು ಸ್ಮುರ್ನದ ಬಿಷಪ್. ಈಗಿನ ಟರ್ಕಿಯ ಇಜ್ಮಿರ್ ಅದು. ಸುಮಾರು ಕ್ರಿ.ಶ. 155ರಲ್ಲಿ, ಕ್ರೈಸ್ತರೆಂಬ ಕಾರಣಕ್ಕೆ ಅವರನ್ನು ಹಿಡಿಯಲು ಆಯುಧ ಹಿಡಿದವರು ಊರಾಚೆಯ ಮನೆಗೆ ಬಂದರು. ತಪ್ಪಿಸಿಕೊಳ್ಳಬಹುದಿತ್ತು. ಅಜ್ಜ ಮಹಡಿಯಿಂದ ಇಳಿದು ಬಂದವರೇ, "ಇವರಿಗೆ ಊಟ ಬಡಿಸಿ" ಎಂದರು. ತಮಗೆ ಪ್ರಾರ್ಥನೆಗೆ ಒಂದು ಗಂಟೆ ಬಿಡುವು ಕೊಟ್ಟರೆ ಸಾಕು ಎಂದರು. ನಿಂತುಕೊಂಡೇ ಎರಡು ಗಂಟೆ ಪ್ರಾರ್ಥಿಸಿದರು. ಬದುಕಿನಲ್ಲಿ ಕಂಡ ದೊಡ್ಡವರು, ಸಣ್ಣವರು, ಎಲ್ಲರಿಗಾಗಿ. ಇಂಥವರನ್ನಾ ಹಿಡಿಯಲು ಬಂದದ್ದು ಎಂದು ಬಂದವರಲ್ಲೇ ಕೆಲವರು ನೊಂದುಕೊಂಡರು. ಮುಂದೆ ಜೀವಂತ ಸುಡಲು ಚಿತೆಗೇರಿಸಿದಾಗ ಬೆಂಕಿ ಅವರನ್ನು ಸುಡದೆ ಹಾಯಿಯಂತೆ ಉಬ್ಬಿ ನಿಂತಿತು ಎನ್ನುತ್ತಾರೆ. ನನಗಂತೂ ಆ ಊಟವೇ ಜಾಸ್ತಿ ದೊಡ್ಡ ಪವಾಡ.

ಕ್ರಿಸ್ತನನ್ನು ಶಪಿಸು, ಬಿಟ್ಟುಬಿಡುತ್ತೇನೆ ಎಂದ ರೋಮಿನ ಅಧಿಕಾರಿ. "86 ವರ್ಷ ಅವರ ಸೇವೆ ಮಾಡಿದ್ದೇನೆ. ನನಗೊಂದು ಕೆಡುಕೂ ಮಾಡಿಲ್ಲ. ನನ್ನನ್ನು ರಕ್ಷಿಸಿದ ಅರಸನನ್ನು ಹೇಗೆ ದೂಷಿಸಲಿ?" ಎಂದರು ಪೊಲಿಕಾರ್ಪರು.

ಬೆಂಕಿ ಸುಡದಿದ್ದಾಗ ಕೊನೆಗೆ ಕತ್ತಿಯಿಂದ ಇರಿದು ಕೊಂದರು. ಶವ ಕೊಡಬೇಡಿ, ಕೊಟ್ಟರೆ ಶಿಲುಬೆಗೇರಿದವನನ್ನು ಬಿಟ್ಟು ಇವನನ್ನೇ ಪೂಜಿಸುತ್ತಾರೆ ಎಂದು ವಿರೋಧಿಗಳು ಅಡ್ಡಿ ಮಾಡಿದರು. ಇಂದಿನ ಪ್ರಶ್ನೆ ಅಂದೇ ಇತ್ತು ಅಲ್ವಾ! ಸ್ಮುರ್ನದ ಕ್ರೈಸ್ತ ಸಭೆ ತನ್ನ ಪತ್ರದಲ್ಲಿ ಉತ್ತರ ಬರೆದಿದೆ: ಆರಾಧನೆ ದೇವಪುತ್ರನಿಗೆ ಮಾತ್ರ, ನಂಬಿಕೆಗಾಗಿ ಪ್ರಾಣ ಕೊಟ್ಟ ರಕ್ತಸಾಕ್ಷಿಗಳ ಮೇಲಿರುವುದು ಕ್ರಿಸ್ತನ ಶಿಷ್ಯರೆಂಬ ಪ್ರೀತಿ. ರೋಮಿನವರು ಶವವನ್ನು ಸುಟ್ಟರು. ಭಕ್ತರು ಎಲುಬುಗಳನ್ನು ಆರಿಸಿಕೊಂಡರು. ರತ್ನಕ್ಕಿಂತ, ಚಿನ್ನಕ್ಕಿಂತ ಬೆಲೆಯುಳ್ಳವು ಎಂದು ಯೋಗ್ಯ ಜಾಗದಲ್ಲಿಟ್ಟರು. ಸುಮ್ನೆ ಜೋಪಾನ ಮಾಡಲಿಕ್ಕಲ್ಲ. ವರ್ಷವರ್ಷವೂ ಅಲ್ಲಿ ಸಂತೋಷದಿಂದ ಕೂಡಬೇಕು, ಹೋದವರನ್ನು ನೆನೆಯಬೇಕು, ಮುಂದೆ ಆ ದಾರಿ ಹಿಡಿಯುವವರು ಸಿದ್ಧರಾಗಬೇಕು ಎಂದು.

ಸಿದ್ಧರಾದರು ಕೂಡ. ಸುಮಾರು 95 ವರ್ಷಗಳ ನಂತರ, ರೋಮಿನ ಡೇಸಿಯಸ್ ಚಕ್ರವರ್ತಿ ಕ್ರೈಸ್ತರನ್ನು ಹಿಂಸಿಸಿದ ಕಾಲ. ಅದೇ ಸ್ಮುರ್ನದ ಪಿಯೋನಿಯಸ್ ಎಂಬ ಗುರು, ಪೊಲಿಕಾರ್ಪರ ಸ್ಮರಣೆಯ ದಿನ ಸಬೀನಾ ಮತ್ತು ಅಸ್ಕ್ಲೆಪಿಯಾಡೀಸ್ ಜೊತೆ ಪ್ರಾರ್ಥಿಸಿ ಪವಿತ್ರ ರೊಟ್ಟಿ ಸ್ವೀಕರಿಸಿದ್ದರು. ಬಂಧಿಸಲು ಅಧಿಕಾರಿಗಳು ಬಂದಾಗ ಮೂವರ ಕೊರಳಲ್ಲೂ ಆಗಲೇ ಸರಪಳಿಯಿತ್ತು. ಅದನ್ನು ಹಾಕಿದ್ದು ಪಿಯೋನಿಯಸರೇ.