ಕೆರೆಯ ಮೇಲೆ ಬೂದು ಚೌಕ

2010ರ ಬೇಸಿಗೆಯ ಆರಂಭ. ಆರು ತಿಂಗಳು ಕೂತು ಮಾಡಿದ್ದ ಕೆರೆಗಳ ನಕ್ಷೆಯನ್ನು ತೋರಿಸಲು ಬೆಳಗಿನ ಮೊದಲ ಬಸ್ ಹಿಡಿದು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆ. ಕೆಳಗೆ ಉಪಗ್ರಹ ಚಿತ್ರ. ಅದರ ಮೇಲೆ ಹಳೆಯ ಗ್ರಾಮ ನಕ್ಷೆಯಿಂದ ಎತ್ತಿದ ಕೆರೆಯ ವಿಸ್ತೀರ್ಣ, ತಿಳಿನೀಲಿಯಲ್ಲಿ, ಅರೆಪಾರದರ್ಶಕವಾಗಿ. ನೀಲಿಯ ಅಡಿಯಲ್ಲಿ ಇಂದು ಏನಿದೆ, ನೀರೋ, ಬಳ್ಳಾರಿ ಜಾಲಿಯೋ, ರಾಗಿ ಹೊಲವೋ, ಮನೆಗಳ ಚಾವಣಿಯೋ, ಅದು ಕಾಣಬೇಕು. ಒತ್ತುವರಿ ಎಷ್ಟಾಗಿದೆ ಎಂಬುದನ್ನು ಕಣ್ಣಿಗೆ ಕಾಣಿಸುವ ಉಪಾಯ ಅದೊಂದೇ ಆಗಿದ್ದರಿಂದ, ಆ ನೀಲಿಯ ತೆಳುವಿಗೆ ನಾನು ಬಹಳ ದಿನ ವ್ಯಯಿಸಿದ್ದೆ.

ಕಚೇರಿಯ ಕಂಪ್ಯೂಟರಿನಲ್ಲಿ ನಕ್ಷೆ ತೆರೆದಾಗ ಪರದೆಯ ತುಂಬ ಬೂದು ಬಣ್ಣದ ಚೌಕಗಳು ಒಂದರ ಪಕ್ಕ ಒಂದು ಬಂದು ಕೂತವು. ಉಪಗ್ರಹ ಚಿತ್ರ ಒಂದು ಕ್ಷಣ ಮಿಂಚಿ ಅವುಗಳ ಹಿಂದೆ ಮುಚ್ಚಿಹೋಯಿತು. ಪಕ್ಕದಲ್ಲಿ ನಿಂತಿದ್ದ ಹಿರಿಯ ಸರ್ವೆಯರ್ ಕನ್ನಡಕ ಸರಿಮಾಡಿಕೊಂಡು, "ಕೆರೆ ಮೇಲೆ ಸಿಮೆಂಟ್ ಹಾಕಿದ ಹಾಗಿದೆಯಲ್ಲಮ್ಮ" ಎಂದರು. ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಆ ಕಂಪ್ಯೂಟರಿನಲ್ಲಿದ್ದದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ 6. 2001ರಲ್ಲಿ ಬಂದ ಬ್ರೌಸರ್. ಕಚೇರಿಯ ಇನ್ನೊಂದು ತಂತ್ರಾಂಶ ಅದರಲ್ಲಿ ಮಾತ್ರ ನಡೆಯುತ್ತಿತ್ತು, ಹಾಗಾಗಿ ಬದಲಿಸುವ ಪ್ರಶ್ನೆಯೇ ಇರಲಿಲ್ಲ. ಹೊಸ ಬ್ರೌಸರ್ ಹಾಕಲು ಬೇಕಾದ ಪಾಸ್‌ವರ್ಡ್ ಜಿಲ್ಲಾ ಕೇಂದ್ರದಲ್ಲಿತ್ತು. ನನ್ನ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ನಲ್ಲಿ ಎಷ್ಟು ಚೆನ್ನಾಗಿ ಕಂಡರೇನು, ಈ ನಕ್ಷೆಯನ್ನು ದಿನವೂ ತೆರೆಯಬೇಕಾದವರು ಕೂರುವ ಕುರ್ಚಿ ಇದು.

ತೊಂದರೆಯ ಬೇರು ನನಗೆ ಗೊತ್ತಿತ್ತು. ಕೆರೆಗಳ ಪದರ ಟೈಲ್ ಎಂಬ ಚೌಕ ತುಂಡುಗಳಾಗಿ, ಪಿಎನ್‌ಜಿ ಎಂಬ ಬಗೆಯ ಚಿತ್ರಗಳಾಗಿ ಬರುತ್ತಿತ್ತು. ಅಂಥ ಚಿತ್ರದ ಪ್ರತಿ ಚುಕ್ಕೆಗೂ ಕೆಂಪು, ಹಸಿರು, ನೀಲಿಯ ಮೂರು ಅಂಕಿಗಳ ಜೊತೆಗೆ ನಾಲ್ಕನೆಯದೊಂದು ಇರಬಹುದು. ಅದು ಆಲ್ಫಾ. ಸೊನ್ನೆಯಾದರೆ ಚುಕ್ಕೆ ಕಾಣುವುದೇ ಇಲ್ಲ, 255 ಆದರೆ ಪೂರ್ತಿ ಗಟ್ಟಿ, ನಡುವಿನದೆಲ್ಲ ಅರೆಪಾರದರ್ಶಕ. ಈ ನಾಲ್ಕನೆಯ ಅಂಕಿಯನ್ನು ಆ ಬ್ರೌಸರ್ ಸರಿಯಾಗಿ ಓದುವುದಿಲ್ಲ. ಪಾರದರ್ಶಕ ಜಾಗಕ್ಕೆ ಬೂದು ಬಳಿಯುತ್ತದೆ. ಕೆರೆಯೇ ಇಲ್ಲದ ಟೈಲ್ ಇಡಿಯಾಗಿ ಪಾರದರ್ಶಕ, ಆದ್ದರಿಂದ ಇಡಿಯಾಗಿ ಬೂದು. 2006ರಲ್ಲಿ ಬಂದ ಏಳನೆಯ ಆವೃತ್ತಿಯಲ್ಲಿ ಇದು ಸರಿಹೋಗಿತ್ತು.

ಗೊತ್ತಿರದಿದ್ದದ್ದು ಬೇರೆ. ಪುಟದಲ್ಲಿ ನಕ್ಷೆ ತೋರಿಸಲು ನಾವು ಬಳಸುತ್ತಿದ್ದ ಓಪನ್‌ಲೇಯರ್ಸ್ 2 ಎಂಬ ತಂತ್ರಾಂಶ ಇಂಥ ಬ್ರೌಸರನ್ನು ತಾನೇ ಗುರುತಿಸುತ್ತದೆ. ಮೇಲ್ಪದರ ಪಾರದರ್ಶಕ ಎಂದು ಮಾತ್ರ ಹೇಳಿ ಚಿತ್ರದ ಬಗೆಯನ್ನು ಹೇಳದೆ ಬಿಟ್ಟರೆ, ಹೊಸ ಬ್ರೌಸರಿಗೆ ಪಿಎನ್‌ಜಿ, ಹಳೆಯದಕ್ಕೆ ಜಿಫ್ ಎಂಬ ಇನ್ನೊಂದು ಬಗೆಯ ಚಿತ್ರ ಕೇಳುತ್ತದೆ. ನಾನು ಪಿಎನ್‌ಜಿಯೇ ಬೇಕೆಂದು ಬರೆದಿಟ್ಟಿದ್ದೆ. ಹಾಗೆ ಬರೆದರೆ ಅದು ನಮ್ಮ ಮಾತನ್ನೇ ನಡೆಸುತ್ತದೆ.

ಮೊದಲು ಹೊಳೆದದ್ದು ಎಲ್ಲರೂ ಮಾಡುತ್ತಿದ್ದ ಮದ್ದು. ಚಿತ್ರದ ಜಾಗದಲ್ಲಿ ಏನೂ ಇಲ್ಲದ ಪುಟ್ಟ ಜಿಫ್ ಇಟ್ಟು, ನಿಜವಾದ ಪಿಎನ್‌ಜಿಯನ್ನು ಆ ಬ್ರೌಸರಿನದೇ ಆದ ಆಲ್ಫಾಇಮೇಜ್‌ಲೋಡರ್ ಎಂಬ ಶೋಧಕದ (ಫಿಲ್ಟರ್) ಮೂಲಕ ಬಳಿಸುವುದು. ಪದರದ ಆಯ್ಕೆಗಳಲ್ಲಿ ಒಂದು ಪದ ಸೇರಿಸಿದರೆ ಸಾಕು, ಓಪನ್‌ಲೇಯರ್ಸ್ ಅದನ್ನೂ ಮಾಡಿಕೊಡುತ್ತದೆ. ಡೇಟಾ ಕಾರ್ಡ್ ಚುಚ್ಚಿ, ಬೆಂಗಳೂರಿನಲ್ಲಿದ್ದ ಸರ್ವರಿಗೆ ಕಡತ ಏರಿಸಿ, ಪುಟವನ್ನು ಮತ್ತೆ ತೆರೆದೆ. ಬೂದು ಹೋಯಿತು. ಕೆರೆಗಳು ನೀಲಿಯಾಗಿ, ತೆಳುವಾಗಿ, ನಾನು ಬಯಸಿದಂತೆಯೇ ಮೂಡಿದವು.

ಸರ್ವೆಯರ್ ಮೌಸ್ ಹಿಡಿದು ನಕ್ಷೆಯನ್ನು ಬಲಕ್ಕೆ ಎಳೆದರು. ನಕ್ಷೆ ಅಲುಗಲಿಲ್ಲ. ಇನ್ನೊಮ್ಮೆ ಎಳೆದರು. ಕಿಟಕಿಯ ಕೆಳಪಟ್ಟಿಯಲ್ಲಿ ಇನ್ನೂ ಇಷ್ಟು ಚಿತ್ರಗಳು ಬಾಕಿ ಎಂಬ ಸಾಲು ಬಂದು ಅಲ್ಲಿಯೇ ನಿಂತಿತು. 256 ಚುಕ್ಕೆ ಅಗಲದ ಟೈಲುಗಳು. ಕಾಣುವ ಭಾಗದ ಜೊತೆಗೆ ಸುತ್ತಲೂ ಮೊದಲೇ ತರಿಸಿಟ್ಟುಕೊಳ್ಳುವ ಸಾಲುಗಳನ್ನು ಸೇರಿಸಿದರೆ ಒಂದು ಪದರಕ್ಕೆ ಐವತ್ತನ್ನು ದಾಟುತ್ತವೆ. ಒಂದೊಂದಕ್ಕೂ ಒಂದೊಂದು ಶೋಧಕ. ಚಿತ್ರ ಇಳಿಯುವವರೆಗೆ ಶೋಧಕವು ಉಳಿದ ಕೆಲಸವನ್ನೆಲ್ಲ ತಡೆದು ನಿಲ್ಲಿಸುತ್ತದೆ. ಒಂದೆರಡು ಚಿಹ್ನೆಗಳಿಗೆ ಒಗ್ಗುವ ಮದ್ದು ನಕ್ಷೆಗೆ ಒಗ್ಗುವುದಿಲ್ಲ ಎಂಬುದು ಅಲ್ಲಿ ಕೂತಾಗ ನನಗೆ ಖಚಿತವಾಯಿತು. ಬ್ರೌಸರನ್ನು ಮುಚ್ಚಿ ತೆರೆಯಲೂ ಆಗದೆ ಕೊನೆಗೆ ಕಂಪ್ಯೂಟರನ್ನೇ ಆರಿಸಬೇಕಾಯಿತು.

ಅಷ್ಟರಲ್ಲಿ ಒಳಕೋಣೆಯಲ್ಲಿ ಅದೇ ಬ್ರೌಸರಿನ ಎಂಟನೆಯ ಆವೃತ್ತಿಯಿರುವ ಹೊಸ ಕಂಪ್ಯೂಟರ್ ಇದೆ ಎಂದು ಗುಮಾಸ್ತರೊಬ್ಬರು ಕರೆದರು. ಅಲ್ಲಿ ಬೂದು ಇರಲಿಲ್ಲ. ಆದರೆ ಪದರವನ್ನು ಮಸುಕಾಗಿಸಲು ನಾನು ಇಟ್ಟಿದ್ದ ಜಾರುಪಟ್ಟಿಯನ್ನು ಸರಿಸಿದೊಡನೆ ಪ್ರತಿ ಕೆರೆಯ ಅಂಚಿಗೂ ಮಸಿ ಹಿಡಿದಂತೆ ಕಪ್ಪು ಗೆರೆ ಬಂತು. ಆಲ್ಫಾ ಇರುವ ಪಿಎನ್‌ಜಿಯ ಮೇಲೆ ಮತ್ತೊಂದು ಪಾರದರ್ಶಕತೆ ಹೇರಿದರೆ ಅಲ್ಲಿ ಅರೆಪಾರದರ್ಶಕ ಚುಕ್ಕೆಗಳು ಕಪ್ಪಾಗುತ್ತವೆ. ಗಡಿ ಎಲ್ಲಿದೆ ಎಂದು ನೋಡುವ ನಕ್ಷೆಯಲ್ಲಿ ಗಡಿಯ ಮೇಲೆಯೇ ಸುಳ್ಳು ಗೆರೆ! ಜಾರುಪಟ್ಟಿಯನ್ನು ಆಗಲೇ ತೆಗೆದುಹಾಕಿದೆ.

ಉಳಿದದ್ದು ಜಿಫ್. ಅದರಲ್ಲಿ 256 ಬಣ್ಣಗಳು, ಪಾರದರ್ಶಕತೆ ಇದೆ ಅಥವಾ ಇಲ್ಲ, ನಡುವೆ ಏನೂ ಇಲ್ಲ. ಪದರವನ್ನು ಜಿಫ್‌ಗೆ ಬದಲಿಸಿದಾಗ ನಕ್ಷೆ ಹಗುರವಾಗಿ ಓಡಾಡಿತು, ಆದರೆ ನೀಲಿ ಗಟ್ಟಿಯಾಯಿತು. ಅಂಚಿನಲ್ಲಿ ಬಿಳಿಯ ಹೊಪ್ಪಳೆ ಬೇರೆ: ಗೆರೆಯನ್ನು ನಯವಾಗಿಸಲು ಸರ್ವರ್ ನೀಲಿಗೆ ಬಿಳಿ ಹಿನ್ನೆಲೆಯನ್ನು ಬೆರೆಸುತ್ತಿತ್ತು. ಅಂಚು ನಯಗೊಳಿಸುವುದನ್ನು ನಿಲ್ಲಿಸಿದಾಗ ಬಿಳಿ ಹೋಯಿತು, ಗೆರೆ ಸ್ವಲ್ಪ ಮೆಟ್ಟಿಲು ಮೆಟ್ಟಿಲಾಯಿತು. ಅದು ಪರವಾಗಿಲ್ಲ. ಆದರೆ ನೀಲಿಯ ಕೆಳಗೆ ಏನೂ ಕಾಣದಿದ್ದರೆ ನಾನು ತಂದ ನಕ್ಷೆಗೆ ಅರ್ಥವೇ ಉಳಿಯುತ್ತಿರಲಿಲ್ಲ.

ಊಟದ ಹೊತ್ತು ಮೀರಿತ್ತು. ಸರ್ವೆಯರ್ ಗೋಡೆಯ ಬೀರುವಿನಿಂದ ಸುರುಳಿಯೊಂದನ್ನು ತಂದು ಮೇಜಿನ ಮೇಲೆ ಬಿಚ್ಚಿದರು. ಗ್ರಾಮ ನಕ್ಷೆಯ ಟ್ರೇಸಿಂಗ್ ಹಾಳೆ. ಮಡಿಕೆಗಳಲ್ಲಿ ಹಳದಿಗಟ್ಟಿತ್ತು, ಒಂದು ಮೂಲೆ ಹರಿದು ಅಂಟುಪಟ್ಟಿ ಹಚ್ಚಿದ್ದರು. ಸರ್ವೆ ನಂಬರುಗಳು, ಬಾಂದುಕಲ್ಲಿನ ಗುರುತುಗಳು, ಕೆರೆಯ ಏರಿ, ತೂಬು, ಕೋಡಿ. ಕೆರೆಯ ಒಳಗೆ ಬಣ್ಣ ತುಂಬಿರಲಿಲ್ಲ. ಸಮಾನ ಅಂತರದಲ್ಲಿ ಓರೆಗೆರೆಗಳನ್ನು ಎಳೆದಿದ್ದರು, ಮಸಿ ಲೇಖನಿಯಿಂದ, ಒಂದೂ ಅಳುಕದೆ.

"ನಾವು ಕೆರೆಗೆ ಬಣ್ಣ ತುಂಬುತ್ತಿರಲಿಲ್ಲಮ್ಮ," ಎಂದರು. "ತುಂಬಿದರೆ ಕೆಳಗಿನ ಹಾಳೆ ಕಾಣುವುದಿಲ್ಲ. ಗೆರೆ ಎಳೆದರೆ ಸಂದಿಯಲ್ಲಿ ಎಲ್ಲ ಕಾಣುತ್ತದೆ."

ನಾನು ಆ ಹಾಳೆಯ ಮೇಲೆ ಬಾಗಿ ಸ್ವಲ್ಪ ಹೊತ್ತು ಹಾಗೆಯೇ ನಿಂತೆ. ಗೆರೆ ಇರುವಲ್ಲಿ ಗಟ್ಟಿ, ಇಲ್ಲದಲ್ಲಿ ಬಯಲು. ಜಿಫ್‌ಗೆ ಗೊತ್ತಿರುವುದೂ ಅಷ್ಟೇ ಅಲ್ಲವೇ! ನಾಲ್ಕನೆಯ ಅಂಕಿಯ ಹಂಗೇ ಇಲ್ಲ.

ಸರ್ವರಿನ ಶೈಲಿ ಕಡತದಲ್ಲಿ ನೀಲಿ ಭರ್ತಿಯನ್ನು ಅಳಿಸಿ ಓರೆಗೆರೆಯ ವಿನ್ಯಾಸ ಹಾಕಿದೆ, ಹತ್ತು ಚುಕ್ಕೆಗಳ ಅಂತರದಲ್ಲಿ. ಗೆರೆಗಳ ನಡುವೆ ಉಪಗ್ರಹ ಚಿತ್ರ ಸ್ಪಷ್ಟವಾಗಿ ಕಂಡಿತು, ಆದರೆ ಟೈಲುಗಳ ಸೇರುವೆಯಲ್ಲಿ ಗೆರೆಗಳು ಕೂಡಲಿಲ್ಲ. ನೇಯ್ದ ಬಟ್ಟೆಯನ್ನು ಕತ್ತರಿಸಿ ತಪ್ಪಾಗಿ ಹೊಲಿದಂತೆ ಕಾಣುತ್ತಿತ್ತು. ವಿನ್ಯಾಸ ಪ್ರತಿ ಟೈಲಿನ ಮೂಲೆಯಿಂದ ಹೊಸದಾಗಿ ಆರಂಭವಾಗುತ್ತದೆ. 256ನ್ನು ಹತ್ತರಿಂದ ಭಾಗಿಸಿದರೆ ಆರು ಉಳಿಯುತ್ತದೆ, ಆ ಆರು ಚುಕ್ಕೆಗಳಷ್ಟೇ ಗೆರೆ ಜಾರಿತ್ತು. ಅಂತರವನ್ನು ಎಂಟಕ್ಕೆ ಇಳಿಸಿದೆ. ಒಂದು ಟೈಲಿಗೆ ಸರಿಯಾಗಿ 32 ಸಲ. ಸೇರುವೆ ಎಲ್ಲಿದೆ ಎಂದು ನನಗೇ ಹುಡುಕಲಾಗಲಿಲ್ಲ.

ಒಳಕೋಣೆಯ ಕಂಪ್ಯೂಟರಿನಲ್ಲೂ ತೆರೆದು ನೋಡಿದೆವು. ಎರಡರಲ್ಲೂ ಒಂದೇ ರೀತಿ. ನನ್ನ ಲ್ಯಾಪ್‌ಟಾಪಿನ ತೆಳುನೀಲಿಗಿಂತ ಇದರಲ್ಲಿ ಕೆರೆಯೊಳಗಿನ ಹೊಲದ ಬದುಗಳು ಹೆಚ್ಚು ಸ್ಪಷ್ಟವಾಗಿದ್ದವು, ಏಕೆಂದರೆ ಗೆರೆಯ ಸಂದಿಯಲ್ಲಿ ಚಿತ್ರದ ಬಣ್ಣ ಬದಲಾಗಿರಲಿಲ್ಲ. ಆ ನಕ್ಷೆಯ ಎಲ್ಲ ತಾಲ್ಲೂಕುಗಳಿಗೂ ಮುಂದೆ ಇದೇ ಶೈಲಿಯನ್ನು ಉಳಿಸಿಕೊಂಡೆ, ಹೊಸ ಬ್ರೌಸರುಗಳಿಗೂ.

ಸಂಜೆ ನಾಲ್ಕೂವರೆಗೆ ಸರ್ವೆಯರ್ ಕುರ್ಚಿ ಎಳೆದುಕೊಂಡು ಕೂತರು. ಟ್ರೇಸಿಂಗ್ ಹಾಳೆಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಪರದೆಯ ಮೇಲೆ ಒಂದು ಜಾಗವನ್ನು ಬೆರಳಿನಿಂದ ಮುಟ್ಟಿದರು. ಓರೆಗೆರೆಗಳ ನಡುವೆ ಆರೇಳು ತಗಡಿನ ಚಾವಣಿಗಳು ಬೆಳ್ಳಗೆ ಹೊಳೆಯುತ್ತಿದ್ದವು.

"ಇಲ್ಲಿ ಕೋಡಿ ಇತ್ತು," ಎಂದರು. ಮೇಜಿನ ಖಾನೆಯಿಂದ ಪುಸ್ತಕ ತೆಗೆದು ಸರ್ವೆ ನಂಬರ್ ಬರೆದುಕೊಂಡರು. ಆಮೇಲೆ ನಕ್ಷೆಯನ್ನು ಮುಂದಿನ ಹಳ್ಳಿಗೆ ಎಳೆದರು.