ಶೇ. 41ಕ್ಕೇ ಸತ್ತ ಬ್ಯಾಟರಿ

17 ಮೇ 2025, ಶನಿವಾರ, ಧಾರವಾಡ

ಅಡ್ಡಮಳೆ ಶುರುವಾದಾಗಿನಿಂದ ಸಂಜೆಯಾದರೆ ಕರೆಂಟಿನ ಭರವಸೆ ಇಲ್ಲ. ಬುಧವಾರ ಗುಡುಗಿದ್ದೇ ತಡ, ಸಪ್ತಾಪುರವೆಲ್ಲ ಕತ್ತಲು. ನಾನು ಅಭಿನಂದನ ಗ್ರಂಥವೊಂದರ ಕರಡು ತಿದ್ದುತ್ತ ಕೂತಿದ್ದೆ (ಧಾರವಾಡದಲ್ಲಿ ಇದ್ದ ಮೇಲೆ ಈ ಕೆಲಸ ತಪ್ಪಿದ್ದಲ್ಲ). ಲ್ಯಾಪ್‌ಟಾಪಿನ ಮೂಲೆಯಲ್ಲಿ ಬ್ಯಾಟರಿ ಶೇ. 41 ಅಂತಿತ್ತು. ಇನ್ನೊಂದು ತಾಸು ಚಿಂತೆಯಿಲ್ಲ ಅಂದುಕೊಳ್ಳುವಷ್ಟರಲ್ಲಿ ಪರದೆ ಕಪ್ಪಾಯಿತು. ಶೇ. 20ಕ್ಕೆ ಬರಬೇಕಾದ ಎಚ್ಚರಿಕೆ ಬರುವುದಾದರೂ ಹೇಗೆ, ಅಂಕಿ ಅಲ್ಲಿಗೆ ಇಳಿದೇ ಇರಲಿಲ್ಲ. ಸೇವ್ ಮಾಡದ ಹನ್ನೊಂದು ಪುಟ ಹೋದವು.

ಗುರುವಾರ ಹುಬ್ಬಳ್ಳಿಗೆ ಹೋದಾಗ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದೆ. ನನ್ನ ಲ್ಯಾಪ್‌ಟಾಪನ್ನು ನಡೆಸುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ತಂತ್ರಾಂಶ. "ಲಿನಕ್ಸ್ ಐತಲ್ರಿ, ಅದಕ್ಕ ಹಂಗಾಗ್ತೈತಿ. ವಿಂಡೋಸ್ ಹಾಕಿಬಿಡ್ರಿ ಮೇಡಂ." ಚಿಗರಿ ಬಸ್ಸಿನಲ್ಲಿ ಧಾರವಾಡ ಮುಟ್ಟುವವರೆಗೂ ಸಿಟ್ಟು ಇಳಿಯಲಿಲ್ಲ. ಲಿನಕ್ಸ್ ಪಾಪ, ಬ್ಯಾಟರಿಯೊಳಗಿನ ಚಿಪ್ ಹೇಳಿದ್ದನ್ನು ಓದಿ ತೋರಿಸುತ್ತದೆ, ಅಷ್ಟೇ.

ರಾತ್ರಿ ಟರ್ಮಿನಲ್ (ಆದೇಶ ಟೈಪ್ ಮಾಡುವ ಕಿಟಕಿ) ತೆಗೆದು, ಬ್ಯಾಟರಿಯ ವಿವರ ಸಿಗುವ ಪವರ್ ಸಪ್ಲೈ ಫೋಲ್ಡರಿನೊಳಗೆ ಇಣುಕಿದೆ. ಅಲ್ಲಿ ಎಲ್ಲವೂ ಮೈಕ್ರೋವ್ಯಾಟ್-ಅವರ್ ಲೆಕ್ಕ; ಸೊನ್ನೆ ಎಣಿಸಿಯೇ ಕಣ್ಣು ನೋವು. ಹೊಸದಿದ್ದಾಗ ಹಿಡಿಯುತ್ತಿದ್ದುದು 48 ವ್ಯಾಟ್-ಅವರ್, ಈಗ ಹಿಡಿಯುವುದು 45 ಅಂತಿತ್ತು. ಏಳು ವರ್ಷದ ಬ್ಯಾಟರಿಗೆ ಇಷ್ಟು ಒಳ್ಳೇ ಆರೋಗ್ಯವೇ? ಅನುಮಾನ ಬಂದಿದ್ದೇ ಅಲ್ಲಿ.

ಅರ್ಧ ನಿಮಿಷಕ್ಕೊಮ್ಮೆ ಶೇಕಡಾ ಮತ್ತು ವೋಲ್ಟೇಜ್ ಬರೆದಿಡುವ ನಾಲ್ಕು ಸಾಲಿನ ಸ್ಕ್ರಿಪ್ಟ್ ಮಾಡಿ, ಚಾರ್ಜರ್ ಕಿತ್ತೆ. ಮೊದಲ ಸಲ ಪೆದ್ದಿಯಾದೆ: ಮಷೀನು ದಿಢೀರನೆ ಸತ್ತಾಗ ಕೊನೆಯ ಸಾಲುಗಳು ಡಿಸ್ಕಿಗೆ ಇಳಿದೇ ಇರಲಿಲ್ಲ. ಪ್ರತಿ ಸಾಲಿನ ನಂತರ, ಬರೆದದ್ದನ್ನು ಕೂಡಲೇ ಡಿಸ್ಕಿಗೆ ಇಳಿಸುವ ಸಿಂಕ್ ಆದೇಶ ಸೇರಿಸಿ ಮತ್ತೊಮ್ಮೆ ಓಡಿಸಿದೆ. ಕಡೆಯ ಸಾಲು ಹೀಗಿತ್ತು: ಶೇ. 41, 9.2 ವೋಲ್ಟ್. ಮೂರು ಸೆಲ್ಲಿನ ಬ್ಯಾಟರಿ ಪೂರ್ತಿ ತುಂಬಿದಾಗ 12.6 ಇರುತ್ತದೆ, 9ರ ಹತ್ತಿರ ಬಂತೆಂದರೆ ತಳ ಕಂಡಿತು ಅಂತಲೇ.

"ಏನದು, ಹೊತ್ತಿಲ್ಲದ ಹೊತ್ತಿನಾಗ ಬರೇ ನಂಬರ್ ನೋಡ್ಕೋತ ಕುಂತಿ?" ಅಂದಳು ಅವ್ವ. ಚಿಪ್ಪು ಒಳಗೆ ಬಂದ ಕರೆಂಟು, ಹೊರಗೆ ಹೋದ ಕರೆಂಟು ಎರಡನ್ನೂ ಎಣಿಸುತ್ತದೆ ಅಂತ ವಿವರಿಸಿದೆ. "ಕೊಡಾ ಎಣಿಸಿದ್ರ ಸಂಪಿನಾಗ ನೀರ ಎಷ್ಟೈತಿ ಅಂತ ತಿಳಿತೈತೇನ? ತಳದಾಗ ರಾಡಿ ಕುಂತಿರ್ತೈತಿ. ಕೋಲು ಇಳಿಬಿಟ್ಟು ನೋಡಬೇಕು." ವಾರಗಟ್ಟಲೆ ನಲ್ಲಿ ನೀರಿಗೆ ಕಾಯುವ ಊರಿನ ಹೆಂಗಸು, ಅವಳಿಗೆ ಯಾರು ಪಾಠ ಹೇಳಬೇಕು!

ರಾಡಿ ಕೂತದ್ದು, ಅಂದರೆ ಬ್ಯಾಟರಿ ಸವೆದದ್ದು, ಚಿಪ್ಪಿಗೆ ಗೊತ್ತಾಗದಂತೆ ಮಾಡಿದವಳು ನಾನೇ. ಬ್ಯಾಟರಿ ಬಾಳಿಕೆ ಬರಲೆಂದು ಚಾರ್ಜು ಶೇ. 80ಕ್ಕೆ ನಿಲ್ಲುವ ಹಾಗೆ ಮಿತಿ ಹಾಕಿ, ವರ್ಷಗಟ್ಟಲೆ ಪ್ಲಗ್ಗಿಗೇ ಕಟ್ಟಿಹಾಕಿದ್ದೆ. ಚಿಪ್ಪು ಬ್ಯಾಟರಿ ತುಂಬಿದ್ದನ್ನೂ ಕಂಡಿಲ್ಲ, ಬರಿದಾದದ್ದನ್ನೂ ಕಂಡಿಲ್ಲ. ಹಳೆಯ ಲೆಕ್ಕವನ್ನೇ ಹಿಡಿದು ಕೂತಿತ್ತು.

ಅದಕ್ಕೆ ಎರಡೂ ತುದಿ ತೋರಿಸಲೆಂದು ಇವತ್ತು ಮುಂಜಾನೆ ಮಿತಿ ತೆಗೆದು 100ಕ್ಕೆ ತುಂಬಿಸಿದೆ. ಆಮೇಲೆ ಚಾರ್ಜರ್ ಕಿತ್ತು, ಲಿನಕ್ಸನ್ನು ಏಳಿಸದೆ, ಅದಕ್ಕೂ ಮೊದಲು ಬರುವ ಬಯೋಸ್ ಎಂಬ ಸೆಟ್ಟಿಂಗ್ ಪರದೆಯಲ್ಲೇ ಬಿಟ್ಟೆ. ನಡುವೆ ಅದು ನಿದ್ದೆಗೆ ಜಾರಬಾರದಲ್ಲ. ಎರಡು ತಾಸಿನ ಮೇಲೆ ತಾನಾಗಿ ಆರಿತು. ಮತ್ತೆ ಒಂದೇ ದಮ್ಮಿಗೆ ಪೂರ್ತಿ ಚಾರ್ಜು. ಸುದೈವ, ಮಳೆ ಬರಲಿಲ್ಲ.

ಸಂಜೆ ನೋಡಿದರೆ 45 ವ್ಯಾಟ್-ಅವರ್ ಇದ್ದದ್ದು 26.9 ಆಗಿದೆ. ಹೊಸದರ ಶೇ. 56. ಕಳೆದ ಶಕ್ತಿ ಇದರಿಂದ ವಾಪಸ್ ಬರುವುದಿಲ್ಲ. ಹೊಸ ಬ್ಯಾಟರಿಗೆ ದುಡ್ಡು ಕೂಡಿಸಬೇಕು. ಆದರೆ ಲೆಕ್ಕ ಸರಿಹೋಗಿದೆ: ಸಂಜೆ ಪರೀಕ್ಷೆಗೆಂದು ಚಾರ್ಜರ್ ಇಲ್ಲದೆ ಓಡಿಸಿದಾಗ ಶೇ. 20ಕ್ಕೆ ಸರಿಯಾಗಿ ಎಚ್ಚರಿಕೆ ಬಂತು, ಅದಾದ ಮೇಲೂ ಸಾವಕಾಶ ಸೇವ್ ಮಾಡುವಷ್ಟು ಹೊತ್ತು ಉಳಿಯಿತು.

ಈಗ ರಾತ್ರಿ ಒಂಬತ್ತೂವರೆ. ಕರೆಂಟ್ ಮತ್ತೆ ಹೋಗಿದೆ. ಹನ್ನೊಂದು ಪುಟಗಳಲ್ಲಿ ನಾಲ್ಕು ತಿದ್ದಿದ್ದಾಯಿತು. ಬ್ಯಾಟರಿ ಶೇ. 63.